ಹಂಚು ಇಟ್ಟ ಪಂಚಮಿ

ಸೋಯಾ ಸಾಸಿನ ವಾಸನಿ ಮೂಗಿಗೆ ಬಡದ್ರ ಸಾಕು, ಇವತ್ತಿಗೂ ನನ್ನ ಮೈ ಉರಿತೈತಿ. ಹೋದ ವಾರ ಮುಧೋಳದಾಗ ನಮ್ಮ ಮನಿಯವ್ರ ಗೆಳ್ಯಾರ ಮನಿ ವಾಸ್ತುಶಾಂತಿಗೆ ಹೋಗಿದ್ವಿ. ಪೆಂಡಾಲಿನ ಹಿಂದ ದೊಡ್ಡ ಕಡಾಯಿ ಇಟ್ಟು ಗೋಬಿ ಮಂಚೂರಿ ತಿರುವ್ಯಾಡಾಕತ್ತಿದ್ರು. ಆ ಹುಳಿ ಹೊಗಿ ಗಾಳಿಗೆ ತೇಲಿ ಬಂತು ನೋಡ್ರಿ, ನಾ ತಾಟ ಹಿಡ್ಕೊಂಡ ನಿಂತಲ್ಲೇ ಹಲ್ಲ ಕಡದ್ನಿ.

"ಯಾಕ, ಆರಾಮ ಇಲ್ಲೇನು?" ಅಂತ ಮನಿಯವ್ರು ಕೇಳಿದ್ರು.

"ಆರಾಮ ಅದೀನಿ. ನಿಮ್ಮ ವೈನಿ ನೆನಪಾದ್ಲು."

ಅವ್ರು ಸೀದಾ ಐಸ್‌ಕ್ರೀಮ್ ಕಡೆ ನಡದ್ರು. ಯಾವಾಗ ಜಾಗಾ ಖಾಲಿ ಮಾಡಬೇಕು ಅನ್ನೂದು ಅವ್ರಿಗೆ ಛಲೋ ಗೊತ್ತೈತಿ.

ಅವ್ರ ವೈನಿ ಅಂದ್ರ ನನ್ನ ನೆಗೆಣ್ಣಿ, ಭಾವನ ಹೆಂಡ್ತಿ, ಪ್ರಮೀಳಕ್ಕ. ಜಮಖಂಡ್ಯಾಗ ಒಂದ ಮನ್ಯಾಗ ನಾವು ಇಬ್ರು ಸೊಸಿಯಂದ್ರು, ಮ್ಯಾಲ ಅತ್ತಿ. ಹಿಪ್ಪರಗಿ ಕಡೆ ಕಬ್ಬಿನ ಹೊಲ, ಊರಾಗ ಅಂಗಡಿ, ಯಾವ ಹಬ್ಬ ಬಂದ್ರೂ ಮನಿ ತುಂಬ ಮಂದಿ. ಮಂದಿ ಸೇರ್ತಾರ ಅಂದ್ರ ಏನ ಮಾಡಬೇಕು, ಯಾರಿಗೆ ಏನ ಬಡಸಬೇಕು ಅನ್ನೂದು ಪ್ರಮೀಳಕ್ಕ ಹೇಳಬೇಕು, ನಾವು ಕೇಳಬೇಕು. ಆಕಿ ಅಡಗಿ ಅನ್ನಾಕಿನೂ ಅಲ್ಲ, 'ಮೆನು' ಅನ್ನಾಕಿ. ಆ ಮೆನು ಫೋನಿನ್ಯಾಗ ಹುಟ್ಟತಿತ್ತು. ಬೆಂಗಳೂರಾಗ ಯಾರೋ ಬರ್ತ್‌ಡೇ ಮಾಡಿದ ಫೋಟೋ ನೋಡ್ತಿದ್ಲು, ಮರುದಿನ ನಮ್ಮ ಮನ್ಯಾಗ ಅದ ಆಗಬೇಕು. ಬರೂ ಮಂದಿಗೆ ಹಲ್ಲ ಅದಾವೋ ಇಲ್ಲೋ, ಸಕ್ಕರಿ ಕಾಯಿಲೆ ಐತೋ ಏನೋ, ಆ ವಿಚಾರಾನ ಇಲ್ಲ. ನಾ ಬನಹಟ್ಟ್ಯಾಕಿ, ಮಗ್ಗದ ಮನಿ ಮಗಳು. ನನ್ನ ಮಾತ ಯಾರ ಕೇಳ್ತಾರ?

ಆ ವರ್ಷ ಶ್ರಾವಣದಾಗ ನನ್ನ ಕುಬಸ. ಚೊಚ್ಚಲ ಬಸುರಿ, ಏಳನೇ ತಿಂಗಳು. ಜಿಟಿಜಿಟಿ ಮಳಿ ಹಿಡ್ಕೊಂಡ ಬಿಟ್ಟಿತ್ತು, ಹೊಳಿ ತುಂಬಿತ್ತು, ಓಣ್ಯಾಗ ಕಾಲಿಟ್ರ ರಾಡಿ. ಅಂಥಾದ್ರಾಗ ನಮ್ಮವ್ವ ಬಸ್ಸಿಗೆ ಕುಂತು ಬುತ್ತಿ ಹೊತ್ಕೊಂಡ ಬಂದ್ಲು. ನಮ್ಮ ಕಡೆ ಬಸುರಿ ಮಗಳಿಗೆ ತವರಮನಿಯಿಂದ ಬುತ್ತಿ ಬರಬೇಕು. ಅದನ್ನ ಗಂಡನ ಮನಿಯವ್ರು ಓಣಿ ತುಂಬ ಹಂಚಬೇಕು. ಇವರ ಸೊಸಿಗೆ ಹಿಂದ ಮಂದಿ ಅದಾರ ಅಂತ ಊರಿಗೆ ತಿಳಿಯೂದು ಹಂಗ. ಅವ್ವ ವಾರಗಟ್ಟಲೆ ಬಡದಿದ್ಲು. ಎಳ್ಳ ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗಿ, ಕರಿಗಡಬು, ಗುರೆಳ್ಳ ಚಟ್ನಿ, ಬದ್ನಿಕಾಯಿ ಎಣ್ಣಿಗಾಯಿ. ನಮ್ಮ ಮಗ್ಗದ ಹೊಸಾ ಸೀರಿಯೊಳಗ ಬುಟ್ಟಿ ಕಟ್ಟಿ, ಮ್ಯಾಲ ಪ್ಲಾಸ್ಟಿಕ್ ಹೊದಿಸಿ, ತಾ ತೊಯ್ಸ್ಕೊಂಡ ಬಂದಿದ್ಲು.

ಪ್ರಮೀಳಕ್ಕ ಅವತ್ತ ಕ್ಯಾಟರಿಂಗ್‌ನವ್ರನ್ನ ಕರಸಿದ್ಲು. ಬಲೂನು, ನೀಲಿ ಬಣ್ಣದ ಶರಬತ್ತು, ಪನೀರು, ಗೋಬಿ ಮಂಚೂರಿ. ಅವ್ವ ಬುಟ್ಟಿ ಹೊಸ್ತಲದಾಗ ಇಳಿಸಿ ಉಸರ ತಗೊಳ್ಳಾಕತ್ತಿದ್ಲು, ಆಕಿ ಬಂದು ನಿಂತ್ಲು.

"ಇದೇನ್ರಿ ಇಷ್ಟೊಂದು?"

"ಬುತ್ತಿರೀ ಯವ್ವಾ. ಮಗಳ ಕುಬಸ ಅಲ್ರಿ."

"ಇವತ್ತ ನಮ್ಮ ಮೆನು ಬ್ಯಾರೆ ಐತ್ರಿ. ಆ ಟೇಬಲ್ ಮ್ಯಾಲ ಇದನ್ನ ಇಟ್ರ ಚಂದ ಕಾಣಂಗಿಲ್ಲ. ಈ ಖಡಕ್ ರೊಟ್ಟಿ ನಮ್ಮ ಮಂದಿ ಯಾರೂ ತಿನ್ನಂಗಿಲ್ರಿ. ಹೋಗಬೇಕಾದ್ರ ವಾಪಸ್ ಒಯ್ದಬಿಡ್ರಿ, ಸುಮ್ನ ಹಾಳಾಗತೈತಿ."

ಓಣಿ ಹೆಣ್ಮಕ್ಕಳು ಎಲ್ಲಾ ಅಲ್ಲೇ ಇದ್ರು. ಅತ್ತಿನೂ ಇದ್ಲು. ಸೆರಗ ಸರಿ ಮಾಡ್ಕೊಂಡು ಬ್ಯಾರೆ ಕಡೆ ನೋಡ್ಕೊಂತ ನಿಂತ್ಲು. ನಾ ಹೂವಿನ ಖುರ್ಚಿ ಮ್ಯಾಲ ಕುಂತಿದ್ನಿ, ಎದ್ದ ಬರೂಣು ಅಂದ್ರ ತೊಡಿ ಮ್ಯಾಲ ಉಡಿ ತುಂಬಿದ ಅಕ್ಕಿ, ಬಾಯಾಗ ಯಾರೋ ತುರುಕಿದ ಮಂಚೂರಿ. ನುಂಗಲಿಲ್ಲ, ಉಗುಳಲಿಲ್ಲ. ಆ ಹುಳಿ ಬಾಯಾಗ ಹಂಗ ಕುಂತು ಬಿಟ್ಟಿತು.

ಅವ್ವ ಆರತಿ ಮಾಡಿದ್ಲು, ನಕ್ಕೋತ ಮಾತಾಡಿದ್ಲು, ಒಂದ ತುತ್ತು ಉಣ್ಣಲಿಲ್ಲ. ಹೋಗೂ ಮುಂದ ಗೇಟಿನ ಹಂತೇಕ ನನ್ನ ಕರದು ಹೇಳಿದ್ಲು: "ನಿನ್ನ ಮನಿಗೆ ನಾ ಇನ್ನ ಬರಂಗಿಲ್ಲ ಸುವರ್ಣಾ. ಆಕಿ ಬಾಯಿಂದ 'ಬರ್ರಿ' ಅಂತ ಕರದ ದಿನ ಬರ್ತೀನಿ. ಅಲ್ಲಿತನಕ ಹೊಸ್ತಲಾ ತುಳಿಯಂಗಿಲ್ಲ." ಆಮ್ಯಾಲ ಬುಟ್ಟಿ ತಲಿ ಮ್ಯಾಲ ಇಟ್ಕೊಂಡು ಮಳ್ಯಾಗ ಬಸ್‌ಸ್ಟ್ಯಾಂಡ್ ಕಡೆ ಹೋದ್ಲು. ತುಂಬಿದ ಬುತ್ತಿ ತಿರುಗಿ ಹೋದದ್ದು ಓಣಿಗೆಲ್ಲಾ ಕಂಡಿತು. ಅವತ್ತ ನಾ ಅಳಲಿಲ್ಲ. ಅವತ್ತ ನಾ ಒಂದ ನಿಶ್ಚೆ ಮಾಡಿದ್ನಿ: ಆ 'ಬರ್ರಿ' ಅನ್ನೂ ಮಾತು ಆಕಿ ಬಾಯಿಂದ ಹೊರಗ ತಗದ ತೀರತೀನಿ.

ಬಾಣಂತನಕ್ಕ ಬನಹಟ್ಟಿಗೆ ಹೋದ್ನಿ. ಮಗ್ಗದ ಖಟಖಟ ಸಪ್ಪಳದಾಗ ಮಗಳು ಹುಟ್ಟಿದ್ಲು, ಅದ ಸಪ್ಪಳದಾಗ ಮಲಗಾಕ ಕಲತ್ಲು. ಅವ್ವ ಎಣ್ಣಿ ಹಚ್ಚಿ ಎರಿತಿದ್ಲು, ಅಳವಿ ಪಾಯಸಾ ಕುಡಸ್ತಿದ್ಲು, ಆ ದಿನದ ಮಾತ ಮಾತ್ರ ಎತ್ತತಿರಲಿಲ್ಲ. ಒಂದಿನಾ ನಾನ ತಡಿಲಾರದ ಅಂದ್ನಿ: "ಆಕಿ ಬಂದು ನಿನ್ನ ಕಾಲಿಗೆ ಬೀಳಂಗ ಮಾಡ್ತೀನಿ ಅವ್ವಾ."

"ಕಾಲಿಗೆ ಯಾಕ ಬೇ? ನನ್ನ ಕಾಲ ಮೊದಲ ನೋಯತಾವ. ಬಾಯಿ ತಗದು ಕರದ್ರ ಸಾಕು."

ತೊಟ್ಟಿಲದ ಕಾರ್ಯಕ್ಕ ಅತ್ತಿ ಬಂದ್ಲು, ಭಾವ ಬಂದ್ರು, ಪ್ರಮೀಳಕ್ಕ ಬರಲಿಲ್ಲ. ತಲಿ ನೋವಂತ. ಅತ್ತಿ ಅವ್ವನ ಕೈಯಾನ ಹೋಳಿಗಿ, ಕಟ್ಟಿನ ಸಾರು ಎರಡೆರಡ ಸಲ ಹಾಕಸ್ಕೊಂಡ ಉಂಡ್ಲು. ಉಣ್ಣಾಕ ಬಾಯಿ ಐತಿ, ಕುಬಸದಾಗ ಮಾತಾಡಾಕಷ್ಟ ಬಾಯಿ ಬರಲಿಲ್ಲ. ನಾ ಅತ್ತಿ ತಾಟ ನೋಡ್ಕೊಂತ ಕುಂತ್ನಿ. ಅಲ್ಲೇ ನನಗ ದಾರಿ ಹೊಳೀತು. ಜಮಖಂಡಿ ಮನ್ಯಾಗ ಜಗಳಾಡಿ ಯಾರೂ ಗೆದ್ದಿಲ್ಲ. ಆ ಮನಿ ಮಂದಿ ಕಿವಿಲೇ ಕೇಳೂದಿಲ್ಲ, ಬಾಯಿ ರುಚಿಲೇ ಕೇಳ್ತಾರ.

ಶಿವರಾತ್ರಿ ಮುಗಿಸಿ ಕೂಸಿನ ಕಟ್ಕೊಂಡ ಜಮಖಂಡಿಗೆ ಬಂದ್ನಿ. ಯುಗಾದಿಗೆ ಮನಿ ತುಂಬ ಬೀಗರು. ಪ್ರಮೀಳಕ್ಕನ ಮೆನು: ನೂಡಲ್ಸು, ಪುಲಾವು, ಎಂಥದೋ ಬಿಳಿ ಸಾಸಿನ ಪಲ್ಲೆ. ನಾ ಎದರ ಮಾತಾಡಲಿಲ್ಲ. ನಮ್ಮ ಮನಿಗೆ ಬರೂ ಮಂದಿ ಒಬ್ಬೊಬ್ಬರನ್ನ ಮೊದಲ ಮನಸಿನ್ಯಾಗ ಕುಂಡರಿಸ್ಕೊಂಡ್ನಿ. ಚಿಕ್ಕಲಕಿ ಮಾವಗ ಹಲ್ಲಿಲ್ಲ, ಸಾವಳಗಿ ಅತ್ತಿಗೆ ಮೈದಾ ಆಗಿ ಬರೂದಿಲ್ಲ, ಹುಡುಗೂರು ಬಿಸಲಾಗ ಆಡಿ ಬರ್ತಾವ, ಅವಕ್ಕ ತಂಪ ಬೇಕು. "ಅಕ್ಕಾರ, ಕೂಸಿಗೆ ಹಾಲ ಬರಬೇಕಲ್ರಿ, ನನಗಷ್ಟ ಒಂದೀಟ ಗೋಧಿ ಹುಗ್ಗಿ ಮಾಡ್ಕೊಳ್ಳಲಿ?" ಅಂದ್ನಿ. "ಮಾಡ್ಕೋ ಬೇ, ಯಾರ ಬ್ಯಾಡಂದ್ರು" ಅಂದ್ಲು. ನನಗಷ್ಟ ಅಂದ್ನಿ, ಆದ್ರ ಬೋಗಾಣಿ ದೊಡ್ಡದ ಇಟ್ನಿ. ಬೆಲ್ಲ, ಯಾಲಕ್ಕಿ, ಮ್ಯಾಲ ತುಪ್ಪ. ಬಾಜೂಕ ಮಸಾಲಿ ಮಜ್ಜಿಗಿ. ವಾಸನಿ ಹೊರಗ ಹೋತು, ಮೊದಲ ಚಿಕ್ಕಲಕಿ ಮಾವ ಬಂದ್ರು, ಆಮ್ಯಾಲ ಹುಡುಗೂರು, ಆಮ್ಯಾಲ ಪಾಳಿನ ಹಚ್ಚಿ ಬಿಟ್ರು. ನೂಡಲ್ಸು ತಣ್ಣಗಾಗಿ ಒಂದಕ್ಕೊಂದ ಹತ್ತಿ ಗಂಟಾಗಿ ಕುಂತಿದ್ವು. ಪ್ರಮೀಳಕ್ಕನ ಮಾರಿ ನೋಡಿ ನನಗ ಎಷ್ಟ ತಂಪಾತು ಅಂತೀರಿ, ಬಿಸಲ ಇದ್ದದ್ದ ಮರತ್ನಿ.

ಕಾರಹುಣ್ಣಿಮಿಗೆ ಹೊಲದಾಗ ಊಟ. ಆ ಸಲ ಭಾವ ತಾವಾಗೇ ನನಗ ಕೇಳಿದ್ರು, "ಏನ ಮಾಡೂಣವಾ ಸುವರ್ಣಾ?" ಪ್ರಮೀಳಕ್ಕನ ಎದುರಿಗೇ ಕೇಳಿದ್ರು. ನಾ ಕೂಸಿನ ಹೆಗಲಿಗೆ ಹಾಕ್ಕೊಂಡು ಸಾವಕಾಶ ಹೇಳಿದ್ನಿ: ಕಡಬು, ಹಸಿ ಉಳ್ಳಾಗಡ್ಡಿ, ಮೆಂತೆ ಸೊಪ್ಪು, ಝುಣಕಾ, ಮಸರು. ನನ್ನ ಗಂಡ, ಅತ್ತಿ, ಭಾವ, ಬೀಗರು, ಒಬ್ಬೊಬ್ಬರ ಬಾಯಿ ನನ್ನ ಕಡೆ ಆತು. ಉಳದಾಕಿ ಆಕಿ ಒಬ್ಬಾಕಿ. ಹೊಟ್ಯಾಗ ಕಿಚ್ಚ ಬಿದ್ದಿತ್ತು ಆಕಿಗೆ. 'ನಾಕ ಮಂದಿ ಮುಂದ ಒಂದ ಸಲ ನನ್ನ ಕೈ ತೋರಸ್ತೀನಿ' ಅಂತ ಹಾದಿ ಕಾಯಾಕತ್ತಿದ್ಲು.

ಆ ದಿನಾ ತಾನ ಬಂತು. ಆಕಿ ಮಗಳು ವಿದ್ಯಾ, ಬಾಳ ಛಲೋ ಹುಡುಗಿ, ನನ್ನ ಜೀವದ ಹುಡುಗಿ. ಮುಧೋಳದ ಒಂದ ಮನಿಯವ್ರು ಆಕಿನ ನೋಡಾಕ ಬರತೇವಿ ಅಂತ ಹೇಳಿ ಕಳಸಿದ್ರು. ಹುಡುಗನ ಅಕ್ಕತಂಗ್ಯಾರು ನಾಗರ ಪಂಚಮಿಗೆ ತವರಿಗೆ ಬಂದಿರ್ತಾರ, ಎಲ್ಲಾರೂ ಕೂಡಿ ಅವತ್ತ ಬರತೇವಿ ಅಂದ್ರು. ಬೀಳಗಿಯಿಂದ ಅವ್ರ ಆಯಿ, ಅಂದ್ರ ಹುಡುಗನ ಅಜ್ಜಿನೂ ಬರಾಕಿ, ಆಕಿ ಹೂಂ ಅಂದ್ರನ ಆ ಮನ್ಯಾಗ ಮದಿವಿ ಮಾತು ಮುಂದ ಹೋಗೂದು.

ಪ್ರಮೀಳಕ್ಕ ಮೆನು ತಗದ್ಲು. ಅಂಗಳದಾಗ ಲೈವ್ ದ್ವಾಸಿ ಕೌಂಟರ್. ಅಲ್ಲೇ ಹಂಚಿನ ಮ್ಯಾಲ ಬಿಸಿ ಬಿಸಿ ರೋಟಿ.

ನಮ್ಮ ಕಡೆ ಪಂಚಮಿ ದಿನ ಒಲಿ ಮ್ಯಾಲ ಹಂಚ ಇಡಂಗಿಲ್ಲ. ಹಂಚು ನಾಗಪ್ಪನ ಹೆಡಿ ಇದ್ದಂಗ, ಕಾಸಿದ್ರ ಹೆಡಿ ಸುಟ್ಟಂಗ ಅಂತಾರ. ಸುಡೂದಿಲ್ಲ, ಕರಿಯೂದಿಲ್ಲ, ಕಾಯಿಪಲ್ಲೆ ಹೆಚ್ಚೂದಿಲ್ಲ. ಕುದಸಿದ್ದು, ಉಗಿ ಮ್ಯಾಲ ಬೇಯಿಸಿದ್ದು ಅಷ್ಟ. ರೊಟ್ಟಿ ಎಲ್ಲಾ ಮೊದಲ ಬಡದು, ರೊಟ್ಟಿ ಹಬ್ಬದಾಗ ಓಣಿ ತುಂಬ ಬೀರಿ ಮುಗಿಸಿರ್ತಾರ. ಸಣ್ಣ ಹುಡುಗೂರಿಗೂ ಗೊತ್ತಿದ್ದ ಮಾತಿದು.

ಅತ್ತಿ ಕೇಳೇ ಬಿಟ್ಲು: "ಅವತ್ತ ಹಂಚ ಇಡಬಾರದಲ್ಲ ಬೇ?"

"ನಮ್ಮ ಒಲಿ ಮ್ಯಾಲ ಇಟ್ರಲ್ರಿ ಅತ್ತಿ?" ಅಂದ್ಲು ಪ್ರಮೀಳಕ್ಕ. "ಗ್ಯಾಸು ಕ್ಯಾಟರಿಂಗ್‌ನವ್ರದು, ಹಂಚು ಅವ್ರದು, ಕೈ ಅವ್ರದು. ನಮಗೇನ ಸಂಬಂಧ?"

ಅತ್ತಿ ನನ್ನ ಕಡೆ ತಿರುಗಿದ್ಲು. "ನೀ ಏನಂತೀ?"

ಇಡೀ ವರ್ಷ ನಾ ಕಾದದ್ದು ಈ ಗಳಿಗಿಗೆ. ಕೂಸಿನ ಕಾಲಾಗಿನ ಗೆಜ್ಜಿ ಸರಿ ಮಾಡ್ಕೊಂತ ಅಂದ್ನಿ: "ಅಕ್ಕಾರ ಹೇಳಿದ್ದು ಖರೆ ಐತ್ರಿ. ಈಗಿನ ಕಾಲ ಅಲ್ಲೇನ್ರಿ."

ಪ್ರಮೀಳಕ್ಕ ನನ್ನ ನೋಡಿ ನಕ್ಲು. ಹಬ್ಬದ ಅಡಗಿನೂ ಬ್ಯಾಡಂದ್ಲು, ಮೆನು ಐತಿ, ಸುಮ್ನ ಯಾಕ ಕೆಲಸ ಅಂತ. ನಾ ಹೂಂ ಅಂದ್ನಿ. ಮ್ಯಾಲಿಗೆ ಹೋಗಿ ಬನಹಟ್ಟಿಗೆ ಫೋನ್ ಹಚ್ಚಿದ್ನಿ. "ಅವ್ವಾ, ಈ ಸಲ ರೊಟ್ಟಿ ಹಬ್ಬಕ್ಕ ಕೈ ಬಿಚ್ಚಿ ಮಾಡ. ಉಂಡಿ, ಚಟ್ನಿ, ಎಲ್ಲಾ. ಪಂಚಮಿ ದಿನ ಕಡಬು ಉಗಿಗೆ ಇಟ್ಟ ತಯಾರ ಇರು."

"ಯಾರ ಬರಾವ್ರು?"

"ಬರಾವ್ರಲ್ಲ, ಕರಿಯಾವ್ರು."

ಪಂಚಮಿ ದಿನಾನೂ ಮಳಿ ಹನಿ ಹಾಕಾಕತ್ತಿತ್ತು. ಅಂಗಳದಾಗ ಶಾಮಿಯಾನಾ, ಅದರ ಕೆಳಗ ಹಂಚು, ಬಾಜೂಕ ಇಬ್ರು ಖಚಖಚ ಉಳ್ಳಾಗಡ್ಡಿ ಹೆಚ್ಚಾಕತ್ತಿದ್ರು. ಮುಧೋಳದವ್ರ ಗಾಡಿ ಬಂದು ನಿಂತಿತು. ಹುಡುಗನ ಅಕ್ಕಂದ್ರು ಇಳದ್ರು, ತಾಯಿ ಇಳದ್ಲು, ಕಡೀಕ ಕೋಲ ಊರಿ ಆಯಿ ಇಳದ್ಲು. ಸರೀಕ ಅದ ಹೊತ್ತಿಗೆ ಅಡಗಿಯಾವ ಕಾದ ಹಂಚಿನ ಮ್ಯಾಲ ನೀರ ಚುಮಕಿಸಿದ, ಚುಂಯ್ ಅಂತು. ಆಯಿ ಅಲ್ಲೇ ನಿಂತ್ಲು.

"ಇದೇನ ಬೇ?"

"ದ್ವಾಸಿ ಕೌಂಟರ್ರೀ ಆಯಿ. ನಿಮಗ ಬಿಸಿ ಬಿಸಿ ಹಾಕಿ ಕೊಡ್ತಾರ್ರಿ" ಅಂದ್ಲು ಪ್ರಮೀಳಕ್ಕ, ಮಾರಿ ತುಂಬ ನಗಿ.

"ಇವತ್ತ ಯಾವ ದಿನಾ?"

"ಪಂಚಮಿರೀ. ಆದ್ರ ಅದು ನಮ್ಮ ಗ್ಯಾಸ್ ಅಲ್ರೀ ಆಯಿ, ಕ್ಯಾಟರಿಂಗ್‌ನವ್ರದು. ಹಂಚೂ ನಮ್ಮದಲ್ರಿ."

"ಅಂಗಳಾ ಯಾರದು?"

ಪ್ರಮೀಳಕ್ಕನ ನಗಿ ಅಲ್ಲೇ ನಿಂತಿತು. ಆಯಿ ಕಟ್ಟಿ ಮ್ಯಾಲ ಕುಂತ್ಲು, ಕೋಲ ಅಡ್ಡ ಇಟ್ಕೊಂಡ್ಲು. "ಪಂಚಮಿ ದಿನ ಹಂಚ ಕಾಸಿದ ಮನಿದು ನಾ ನೀರ ಸುದ್ದಾ ಮುಟ್ಟಂಗಿಲ್ಲ. ಈ ಮನಿ ಒಲಿ ಮ್ಯಾಲಿಂದೂ ಬ್ಯಾಡ. ಹುಡುಗಿನ ನೋಡಾಕ ಬಂದೀವಿ, ನೋಡಿ ಹೋಗ್ತೀವಿ." ನೋಡಿ ಹೋಗ್ತೀವಿ ಅಂದ್ರ ಏನ ಅರ್ಥ ಅನ್ನೂದು ಎಲ್ಲಾರಿಗೂ ತಿಳೀತು. ಹುಡುಗನ ಅಕ್ಕಂದ್ರು ಗುಸುಗುಸು ಸುರು ಮಾಡಿದ್ರು. ವಿದ್ಯಾ ಒಳಗ ಸೀರಿ ಉಟ್ಕೊಂಡ ನಿಂತಿತ್ತು, ಮಾರಿ ಸಣ್ಣದ ಮಾಡ್ಕೊಂಡು. ಅದನ್ನ ನೋಡಿ ನಾ ತಪ್ಪ ಮಾಡಿದ್ನೇನೋ ಅನಿಸ್ತು. ಖರೆ ಹೇಳ್ತೀನಿ, ಒಂದ ಗಳಿಗಿ ಅಷ್ಟ.

ಪ್ರಮೀಳಕ್ಕ ಅಡಗಿಮನಿಗೆ ಓಡಿ ಬಂದ್ಲು. ಅಲ್ಲಿ ನೈವೇದ್ಯದ ಹಾಲು ಬಿಟ್ರ ಏನೂ ಇಲ್ಲ, ಓಣ್ಯಾಗಿಂದ ಬಂದ ರೊಟ್ಟಿನೂ ಆಕಿ ಹೊಲದ ಆಳಿಗೆ ಕೊಟ್ಟು ಮುಗಿಸಿದ್ಲು. "ಏನರ ಮಾಡ ಸುವರ್ಣಾ. ಓಣ್ಯಾಗ ಯಾರ ಮನ್ಯಾಗರ ರೊಟ್ಟಿ ಕೇಳೂಣು?"

"ಕೇಳ್ರಿ. ಸಂಜಿಕ ಊರಿಗೆಲ್ಲಾ ಗೊತ್ತಾಗತೈತಿ."

"ಮತ್ತ?"

"ಬನಹಟ್ಟ್ಯಾಗ ನಮ್ಮವ್ವನ ಕಡೆ ಬುತ್ತಿ ತಯಾರ ಐತಿ. ಇವತ್ತ ಸುಟ್ಟಿದ್ದಿಲ್ಲ, ಹೆಚ್ಚಿದ್ದಿಲ್ಲ. ಫೋನ್ ನಾ ಹಚ್ಚಿ ಕೊಡ್ತೀನಿ. ಮಾತ ನೀವ ಆಡಬೇಕು."

ಆಕಿ ನನ್ನ ಮಾರಿ ನೋಡಿದ್ಲು. ಅವಾಗ ತಿಳೀತು ಆಕಿಗೆ. ಹೊರಗ ಆಯಿ ಕೋಲ ಬಡದ ಸಪ್ಪಳ ಕೇಳಿಸಿತು. ನಾ ಫೋನ್ ಹಚ್ಚಿ, ಸ್ಪೀಕರ್ ಮಾಡಿ, ಆಕಿ ಕೈಯಾಗ ಕೊಟ್ನಿ.

"ಯಾರ್ರಿ?" ಅಂದ್ಲು ನಮ್ಮವ್ವ.

"ನಾನ್ರೀ, ಪ್ರಮೀಳಾ."

"ಯಾವ ಪ್ರಮೀಳಾರೀ?"

"ಜಮಖಂಡಿರೀ... ಸುವರ್ಣಾನ ನೆಗೆಣ್ಣಿ."

"ಹಾಂ. ಹೇಳ್ರಿ."

"ಮನಿಗೆ ಬೀಗರ ಬಂದಾರ್ರಿ. ಒಂದೀಟ ಬುತ್ತಿ ಕಳಸ್ತೀರೇನ್ರಿ?"

"ಬುತ್ತಿ ಕಳಸೂದು ನಮ್ಮಲ್ಲಿ ಪದ್ಧತಿ ಇಲ್ರೀ ಯವ್ವಾ. ಹೊತ್ಕೊಂಡ ಬರ್ತೀವಿ. ಕರದ್ರ."

ಪ್ರಮೀಳಕ್ಕ ಕಣ್ಣ ಮುಚ್ಚಿದ್ಲು. "ಬರ್ರಿ" ಅಂದ್ಲು, ಗಂಟಲದಾಗ.

"ಕೇಳಸಲಿಲ್ರಿ. ಮಗ್ಗದ ಸಪ್ಪಳ ಬಾಳ ಐತಿ."

ಪಂಚಮಿ ದಿನ ನನ್ನ ತವರಮನ್ಯಾಗ ಒಂದ ಮಗ್ಗಾನೂ ನಡಿಯೂದಿಲ್ಲ. ಅದು ನನಗ ಗೊತ್ತಿತ್ತು, ಅವ್ವಗ ಗೊತ್ತಿತ್ತು. ಫೋನಿನ್ಯಾಗ ಪಿಟಕ್ ಅನ್ನೂ ಸಪ್ಪಳ ಇರಲಿಲ್ಲ.

"ಬರ್ರಿ!" ಅಂತ ಪ್ರಮೀಳಕ್ಕ ಚೀರಿದ್ಲು. "ಬರ್ರಿ ಅವ್ವಾರ, ನಮ್ಮ ಮನಿಗೆ ಬರ್ರಿ, ಕೈ ಮುಗಿತೀನಿ!"

ಅಡಗಿಮನಿ ಬಾಗಲದಾಗ ಅತ್ತಿ ನಿಂತಿದ್ಲು. ಈ ಸಲ ಆಕಿ ಬ್ಯಾರೆ ಕಡೆ ನೋಡಲಿಲ್ಲ.

ನನ್ನ ತಮ್ಮ ಅವ್ವನ್ನ ಗಾಡ್ಯಾಗ ಕರ್ಕೊಂಡ ಬಂದ. ಅಷ್ಟರಾಗ ಭಾವ ಕೌಂಟರ್ ತಗಸಿ, ಅಂಗಳಾ ತೊಳಸಿ, ಆಯಿ ಜೋಡಿ ಮಳಿ ಬೆಳಿ ಅಂತ ಮಾತಾಡ್ಕೊಂತ ಕುಂಡರಿಸಿದ್ರು. ಅವ್ವ ಬುಟ್ಟಿ ಹೊತ್ಕೊಂಡ ಹೊಸ್ತಲ ಹೊರಗ ನಿಂತ್ಲು, ಒಳಗ ಬರಲಿಲ್ಲ. ನಾ ಮುಂದ ಹೋಗಲಿಲ್ಲ. ಪ್ರಮೀಳಕ್ಕ ತಾನ ತಂಬಗಿ ತಂದು ಅವ್ವನ ಕಾಲಿಗೆ ನೀರ ಹಾಕಿದ್ಲು, ಎರಡೂ ಕೈಲೇ ಬುಟ್ಟಿ ಇಳಿಸ್ಕೊಂಡ್ಲು.

ಆಯಿ ಉಂಡದ್ದ ಉಂಡದ್ದು. ಕಡಬು ತುಪ್ಪ, ಕುದಿಸಿದ ಮಡಕಿಕಾಳು, ರೊಟ್ಟಿ ಮುರದು ಮಸರ ಚಟ್ನ್ಯಾಗ ನೆನಸ್ಕೊಂಡು, ಮ್ಯಾಲ ಎಳ್ಳುಂಡಿ. "ಇದು ಯಾರ ಕೈಯಾಂದು?" ಅಂದ್ಲು. "ಹುಡುಗಿ ಚಿಗವ್ವನ ತವರಮನಿದ್ರಿ" ಅಂದ್ಲು ಅತ್ತಿ, ಎಲ್ಲಾರಿಗೂ ಕೇಳೂವಂಗ. "ಇಂಥಾ ಮಂದಿ ನಡುವ ಬೆಳದ ಹುಡುಗಿ ಛಲೋನ ಇರಬೇಕು" ಅಂತ ಆಯಿ ವಿದ್ಯಾನ ಹಂತೇಕ ಕರದು ಗಲ್ಲ ಹಿಡದ್ಲು. ಹೋಗೂ ಮುಂದ, ದೀಪಾವಳಿ ಆಗಲಿ, ಮುಂದಿನ ಮಾತ ಆಡೂಣು ಅಂದ್ರು.

ಗಾಡಿ ಹೋದ ಮ್ಯಾಲ ವಿದ್ಯಾ ನನ್ನ ಕೈ ಚೂಟಿದ್ಲು. "ಚಿಗವ್ವಾ, ನೀ ಬೇಕಂತ ಸುಮ್ನ ಇದ್ದಿ ಹೌದಿಲ್ಲೋ?"

"ಹೌದು."

"ಅವ್ರು ಎದ್ದ ಹೋಗಿದ್ರ?"

"ಹೋಗಲಿಲ್ಲಲ್ಲ." ಅದಕ್ಕಿಂತ ಹೆಚ್ಚಿಗಿ ನಾ ಏನೂ ಹೇಳಲಿಲ್ಲ. ಈಗ ಕೇಳಿದ್ರೂ ಹೇಳಂಗಿಲ್ಲ.

ಕಡೀಕ ಅವ್ವಗ ಪ್ರಮೀಳಕ್ಕ ತಾಟ ಹಚ್ಚಿದ್ಲು. ಚಾಪಿ ಹಾಸಿ, ನೀರಿಟ್ಟು, ಬುಟ್ಯಾಗ ಉಳದ ಕಡಬು ಬಡಿಸಿ, "ಸಾವಕಾಶ ಉಣ್ರಿ ಅವ್ವಾರ" ಅಂದ್ಲು.

ಅವ್ವ ತಾಟ ನೋಡಿದ್ಲು. ಕೈ ಹಚ್ಚಲಿಲ್ಲ.

"ಇದು ನಮ್ಮನಿದು ತಂಗೀ. ಇದರ ರುಚಿ ನನಗ ಗೊತ್ತೈತಿ. ಎರಡ ಸಲ ಬುತ್ತಿ ಹೊತ್ಕೊಂಡ ಬಂದ್ನಿ, ನಿನ್ನ ಕೈಯಾಂದು ಇನ್ನೂ ಒಂದ ತುತ್ತು ಉಂಡಿಲ್ಲ."

"ಮತ್ತ ಏನ ಮಾಡ್ಲಿರಿ?"

"ಶೀಗಿಹುಣ್ಣಿಮಿಗೆ ಬನಹಟ್ಟಿಗೆ ಬಾ. ಮಾಡ್ಕೊಂಡ ಬಾ. ನಮ್ಮ ಓಣಿ ತುಂಬ ನಾನ ಹಂಚತೀನಿ, ಜಮಖಂಡಿ ಪ್ರಮೀಳಾ ಮಾಡ್ಯಾಳ ಅಂತ ಹೆಸರ ಹೇಳಿ."

ನಮ್ಮ ಓಣಿ ಅಂದ್ರ ಮಗ್ಗದ ಹೆಣ್ಮಕ್ಕಳು. ಅವ್ರ ಬಾಯಿ ಎಂಥಾವು ಅನ್ನೂದು ಪ್ರಮೀಳಕ್ಕಗ ಅರ್ಧ ಗೊತ್ತಿತ್ತು, ನನಗ ಪೂರ್ತಿ ಗೊತ್ತಿತ್ತು.

"ಏನ ಮಾಡ್ಕೊಂಡ ಬರ್ಲಿರಿ?" ಅಂದ್ಲು ಪ್ರಮೀಳಕ್ಕ.

"ನನಗೇನ ತಿಳೀತೈತಿ" ಅಂತ ಅವ್ವ ನನ್ನ ಕಡೆ ಕೈ ಮಾಡಿದ್ಲು. "ಮೆನು ಮಗಳ ಹೇಳ್ತಾಳ."

ಪ್ರಮೀಳಕ್ಕ ನನ್ನ ಕಡೆ ತಿರುಗಿದ್ಲು. ನಾ ಗಡಿಬಿಡಿ ಮಾಡಲಿಲ್ಲ. ಕೂಸಿನ ಅತ್ತಿ ತೊಡಿ ಮ್ಯಾಲ ಕುಂಡರಿಸಿ, ಸೆರಗ ಸಿಗಸ್ಕೊಂಡು, ಆಕಿ ಎದುರಿಗೆ ಹೋಗಿ ಕುಂತ್ನಿ. ಆಕಿ ಎರಡೂ ಕೈ ನನ್ನ ಕೈಯಾಗ ತಗೊಂಡ್ನಿ. ಬೆಳ್ಳಗ, ಮೆತ್ತಗ, ಉದ್ದನ ಉಗುರು, ಅದರ ಮ್ಯಾಲ ಕೆಂಪ ಬಣ್ಣ.

"ಸಜ್ಜಿ ರೊಟ್ಟಿಯಿಂದ ಸುರು ಮಾಡೂಣ್ರಿ ಅಕ್ಕಾರ" ಅಂದ್ನಿ. "ಮೊದಲ ಈ ಉಗುರ ತಗೀರಿ."